ದಾರಿ ತೋರುವ ಕೈ, ಅಪಾಯ ತಡೆಯುವ ಕಟ್ಟೆ

ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಗಂಡಸಿಯೂ ಒಂದು. ಆದರೆ ಊರಿನ ಹೆಸರಿಗಿಂತ ಹೆಚ್ಚಾಗಿ ಪ್ರಯಾಣಿಕರ ಬಾಯಲ್ಲಿ ಓಡಾಡುವುದು ‘ಗಂಡಸಿ ಹ್ಯಾಂಡ್‌ಪೋಸ್ಟ್’ ಎಂಬ ಹೆಸರು. ಬಸ್ಸಿನ ಕಂಡಕ್ಟರು ‘ಹ್ಯಾಂಡ್‌ಪೋಸ್ಟ್, ಹ್ಯಾಂಡ್‌ಪೋಸ್ಟ್’ ಎಂದು ಕೂಗುತ್ತಾರೆ. ಜನ ಚೀಲ ಹಿಡಿದು ಇಳಿದು ತಮ್ಮ ತಮ್ಮ ಊರಿನ ದಾರಿ ಹಿಡಿಯುತ್ತಾರೆ. ಈ ‘ಪೋಸ್ಟಿ’ಗೂ ಅಂಚೆಗೂ ಸಂಬಂಧವಿಲ್ಲ. ಪೋಸ್ಟ್ ಎಂದರೆ ಇಲ್ಲಿ ಕಂಬ. ರಸ್ತೆ ಕವಲೊಡೆಯುವ ಜಾಗದಲ್ಲಿ ನೆಟ್ಟು, ಅದಕ್ಕೆ ಕೈಯಂತೆ ಚಾಚಿದ ಹಲಗೆ ಜೋಡಿಸಿ, ‘ಈ ಊರಿಗೆ ಇತ್ತ’ ಎಂದು ತೋರಿಸುವ ಕಂಬವೇ ಹ್ಯಾಂಡ್‌ಪೋಸ್ಟ್.

ಕರ್ನಾಟಕದಲ್ಲಿ ಹೀಗೆ ಕಂಬದಿಂದ ಹೆಸರು ಪಡೆದ ಜಾಗ ಇದೊಂದೇ ಅಲ್ಲ. ಮೂಡಿಗೆರೆಗೆ ಒಂದು ಹ್ಯಾಂಡ್‌ಪೋಸ್ಟ್ ಇದೆ, ಹೆಗ್ಗಡದೇವನಕೋಟೆಗೆ ಇನ್ನೊಂದು. ಕೆಲವು ಕಡೆ ಜನ ಇಂಗ್ಲಿಷ್ ಮಾತನ್ನು ಹಾಗೇ ಉಳಿಸಿಕೊಂಡರೆ, ಮತ್ತೆ ಕೆಲವು ಕಡೆ ಅದಕ್ಕೆ ಅಚ್ಚಗನ್ನಡದ ಹೆಸರಿದೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಸಿಗುವುದು ‘ಕೈಮರ’. ಕರಾವಳಿಗೆ ಇಳಿದರೆ ಅದೇ ‘ಕೈಕಂಬ’. ಬಂಟ್ವಾಳದ ಬಳಿ, ಗುರುಪುರದ ಬಳಿ, ಗಡಿಯಾಚೆ ಕಾಸರಗೋಡಿನ ಉಪ್ಪಳದಲ್ಲಿಯೂ ಕೈಕಂಬಗಳಿವೆ. ಒಂದು ಕಂಬ ಒಂದು ಊರಿಗೇ ಹೆಸರಾಗಬೇಕಾದರೆ ಆ ಕಂಬಕ್ಕೆ ಜನಜೀವನದಲ್ಲಿ ಎಷ್ಟು ಬೆಲೆ ಇದ್ದಿರಬೇಕು ಎಂಬುದನ್ನು ಊಹಿಸಬಹುದು.

ಈ ಕಂಬದ ಚರಿತ್ರೆ ದಾರಿ ತೋರುವುದರ ಚರಿತ್ರೆ ಮಾತ್ರವಲ್ಲ. ದಿನನಿತ್ಯದ ಬದುಕಿನಲ್ಲಿ ಮನುಷ್ಯ ಬೀಳದಂತೆ, ಸುಟ್ಟುಕೊಳ್ಳದಂತೆ, ಮುಳುಗದಂತೆ ಸಮಾಜ ಮಾಡಿಕೊಂಡ ಏರ್ಪಾಟುಗಳ ಚರಿತ್ರೆಯೂ ಹೌದು. ಬಾವಿಯ ಕಟ್ಟೆ, ಕೊಳದ ಮೆಟ್ಟಿಲು, ರೈಲ್ವೆ ಗೇಟು, ಒಲೆಯ ಸುತ್ತಿನ ಗೋಡೆ, ಸವಾರನ ಹೆಲ್ಮೆಟ್ಟು, ಎಲ್ಲವೂ ಈ ಕೈಕಂಬದ ಬಂಧುಗಳೇ.

ಕೈ ಚಾಚಿದ ಕಂಬ

ಇಂಗ್ಲೆಂಡಿನಲ್ಲಿ ಇಂಥ ಕಂಬಗಳ ಇತಿಹಾಸ ಮುನ್ನೂರು ವರ್ಷಗಳನ್ನೂ ಮೀರುತ್ತದೆ. ಚಿಪ್ಪಿಂಗ್ ಕ್ಯಾಂಪ್ಡೆನ್ ಎಂಬ ಊರಿನ ಹತ್ತಿರ 1669ರ ಕೈಕಂಬವೊಂದು ಪ್ರಸಿದ್ಧವಾಗಿದೆ. ಅದರ ತೋಳುಗಳ ತುದಿಯಲ್ಲಿ ನಿಜವಾಗಿಯೂ ಕೈಯ ಆಕಾರವಿದೆ. 1697ರ ಕಾಯಿದೆಯೊಂದು ದಾರಿಗಳು ಕೂಡುವಲ್ಲಿ ಕಂಬ ನೆಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. 1773ರ ಕಾಯಿದೆ ಸುಂಕದ ರಸ್ತೆಗಳಲ್ಲಿ ಅದನ್ನು ಕಡ್ಡಾಯ ಮಾಡಿತು.

ಮೈಸೂರು ಸಂಸ್ಥಾನದಲ್ಲಿ ಹೊಸ ಬಗೆಯ ರಸ್ತೆಗಳು ಹರಡಿದ್ದು ಕಮಿಷನರುಗಳ ಆಳ್ವಿಕೆಯ ಕಾಲದಲ್ಲಿ. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ರಸ್ತೆ ನಿರ್ಮಾಣಕ್ಕೆ ವಿಶೇಷ ಗಮನ ಕೊಟ್ಟವರು. ಅವರ ಕಾಲದಲ್ಲೇ, 1856ರಲ್ಲಿ, ಸಂಸ್ಥಾನದ ಲೋಕೋಪಯೋಗಿ ಇಲಾಖೆ ಶುರುವಾಯಿತು. ಇಂಗ್ಲಿಷರ ರಸ್ತೆಯ ಜೊತೆಗೆ ಮೈಲಿಗಲ್ಲೂ ಹ್ಯಾಂಡ್‌ಪೋಸ್ಟೂ ನಮ್ಮ ಮಾತಿಗೆ ಸೇರಿದವು.

ಅದಕ್ಕೂ ಮೊದಲು ದಾರಿಹೋಕರಿಗೆ ಏನೂ ಇರಲಿಲ್ಲವೆಂದಲ್ಲ. ಸಾಲುಮರ, ಅರವಟ್ಟಿಗೆ, ಛತ್ರಗಳ ಜೊತೆಗೆ ತಲೆಹೊರೆ ಇಳಿಸುವ ಕಲ್ಲುಗಳಿದ್ದವು. ಎರಡು ಕಂಬದಂಥ ಕಲ್ಲುಗಳ ಮೇಲೆ ಅಡ್ಡಕ್ಕೆ ಒಂದು ಚಪ್ಪಡಿ ಹಾಸಿದರೆ ಆಯಿತು. ಅದರ ಎತ್ತರ ಮಾತ್ರ ಲೆಕ್ಕಾಚಾರದ್ದು. ಹೊರೆ ಹೊತ್ತವರು ಬಗ್ಗದೆ, ಇನ್ನೊಬ್ಬರ ನೆರವಿಲ್ಲದೆ, ತಲೆಯ ಮೂಟೆಯನ್ನು ನೇರವಾಗಿ ಚಪ್ಪಡಿಯ ಮೇಲೆ ಜಾರಿಸಬಹುದು. ಸುಧಾರಿಸಿಕೊಂಡ ಮೇಲೆ ಹಾಗೇ ಮತ್ತೆ ತಲೆಗೇರಿಸಬಹುದು. ಒಂಟಿಯಾಗಿ ಭಾರ ಎತ್ತುವಾಗ ಕತ್ತು ಉಳುಕುವುದನ್ನು, ಸೊಂಟ ಹಿಡಿಯುವುದನ್ನು ಅದು ತಪ್ಪಿಸುತ್ತಿತ್ತು. ಇದನ್ನು ಕಲ್ಪಿಸಿದವರು ‘ಹುಷಾರಾಗಿ ಹೊರೆ ಇಳಿಸಿ’ ಎಂದು ಬೋರ್ಡು ಬರೆಯಲಿಲ್ಲ. ಹುಷಾರನ್ನು ಕಲ್ಲಿನಲ್ಲೇ ಕಟ್ಟಿದರು. ಈ ವ್ಯತ್ಯಾಸ ಮುಖ್ಯವಾದದ್ದು.

ಗಾಡಿಯ ವೇಗ, ಲಾರಿಯ ವೇಗ

ಕೈಕಂಬ ಹುಟ್ಟಿದ್ದು ಎತ್ತಿನ ಗಾಡಿ, ಕುದುರೆ, ಕಾಲ್ನಡಿಗೆಯ ಕಾಲದಲ್ಲಿ. ಎತ್ತಿನ ಗಾಡಿ ಗಂಟೆಗೆ ಸುಮಾರು 4 ಕಿಲೋಮೀಟರ್ ಸಾಗುತ್ತದೆ ಎಂದುಕೊಂಡರೆ, ಒಂದು ಸೆಕೆಂಡಿಗೆ ಅದು ಕ್ರಮಿಸುವುದು ಒಂದು ಮೀಟರಿಗೆ ತುಸು ಹೆಚ್ಚು. ಗಾಡಿಯವನು ಕವಲಿಗೆ ಬಂದು, ಕಂಬದ ಕೆಳಗೆ ನಿಂತು, ಓದಲು ಬಂದರೆ ಓದಿ, ಬಾರದಿದ್ದರೆ ಕೈ ಯಾವ ಕಡೆ ಚಾಚಿದೆ ಎಂದು ನೋಡಿ ಎತ್ತು ತಿರುಗಿಸಿದರೆ ಸಾಕಾಗಿತ್ತು. ಅಲ್ಲಿ ತಪ್ಪಿದರೆ ನಷ್ಟವಾಗುತ್ತಿದ್ದುದು ಅರ್ಧ ದಿನ.

ಗಂಟೆಗೆ 72 ಕಿಲೋಮೀಟರ್ ವೇಗದ ಲಾರಿ ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಎದುರಿಗಿರುವ ಅಪಾಯ ಕಣ್ಣಿಗೆ ಬಿದ್ದು, ಮನಸ್ಸಿಗೆ ತಟ್ಟಿ, ಕಾಲು ಬ್ರೇಕಿನ ಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಲಾರಿ 30 ಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 40 ಮೀಟರ್ ಬೇಕು. ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಆದ್ದರಿಂದ ಮೋಟಾರು ಬಂದ ಮೇಲೆ ಕವಲಿನಲ್ಲೇ ನಿಂತ ಕಂಬ ಸಾಲದಾಯಿತು. ಎಚ್ಚರಿಕೆ ಅಪಾಯಕ್ಕಿಂತ ಮುಂಚೆ, ಬಹಳ ಮುಂಚೆ ಬರಬೇಕಾಯಿತು. ಓದಿ ಅರ್ಥಮಾಡಿಕೊಳ್ಳಲು ಪುರಸೊತ್ತಿಲ್ಲದ ಕಾರಣ ಅಕ್ಷರದ ಜಾಗಕ್ಕೆ ಚಿತ್ರ ಬಂತು.

1968ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಈ ಚಿತ್ರಭಾಷೆಗೆ ಒಂದು ವ್ಯಾಕರಣ ಕೊಟ್ಟಿತು. ಭಾರತ 1980ರಲ್ಲಿ ಅದಕ್ಕೆ ಸೇರಿತು. ಈ ವ್ಯಾಕರಣ ಬಹಳ ಸರಳ. ನಮ್ಮ ರಸ್ತೆಗಳಲ್ಲಿ ತ್ರಿಕೋನ ಕಂಡರೆ ಅದು ಎಚ್ಚರಿಕೆ: ಮುಂದೆ ತಿರುವಿದೆ, ಶಾಲೆ ಇದೆ, ಕಿರುಸೇತುವೆ ಇದೆ. ವೃತ್ತ ಕಂಡರೆ ಅದು ಆಜ್ಞೆ: ಇಷ್ಟೇ ವೇಗ, ಇಲ್ಲಿ ಪ್ರವೇಶವಿಲ್ಲ. ಚೌಕ ಅಥವಾ ಆಯತ ಕಂಡರೆ ಅದು ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಊರಿನ ದೂರ. ಎಂಟು ಮೂಲೆಯ ಕೆಂಪು ಫಲಕ ‘ನಿಲ್ಲು’ ಎನ್ನುತ್ತದೆ. ಕತ್ತಲಲ್ಲಿ ಅಕ್ಷರ ಕಾಣದಿದ್ದರೂ ಆಕಾರ ಮಾತನಾಡುತ್ತದೆ. ಕೈಕಂಬದ ಕೈಯೂ ಮಾಡುತ್ತಿದ್ದುದು ಇದನ್ನೇ.

ರೈಲಿನ ವಿಷಯದಲ್ಲಿ ಈ ಎಚ್ಚರಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರೈಲ್ವೆ ಜಂಕ್ಷನ್ ಆದ ಅರಸೀಕೆರೆಯ ಸುತ್ತಮುತ್ತಲಿನವರಿಗೆ ಗೇಟು ಹೊಸದಲ್ಲ. ಗೇಟು ಎಂದರೆ ಬರೀ ಸೂಚನೆಯಲ್ಲ, ತಡೆ. ಅದು ‘ರೈಲು ಬರಬಹುದು, ನೋಡಿಕೊಂಡು ದಾಟಿ’ ಎಂದು ಹೇಳಿ ಸುಮ್ಮನಾಗುವುದಿಲ್ಲ, ದಾರಿಯನ್ನೇ ಮುಚ್ಚುತ್ತದೆ. ಕಾವಲಿಲ್ಲದ ಕ್ರಾಸಿಂಗುಗಳಲ್ಲಿ ಬೋರ್ಡು ಇದ್ದೂ ದಶಕಗಳ ಕಾಲ ಜನ ಸತ್ತರು. ಕೊನೆಗೆ 2019ರ ಜನವರಿ ಅಂತ್ಯದ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗುಗಳನ್ನೇ ರೈಲ್ವೆ ಇಲಾಖೆ ಇಲ್ಲವಾಗಿಸಿತು. ಕೆಲವು ಕಡೆ ಗೇಟಿಗೆ ಕಾವಲುಗಾರ ಬಂದ, ಕೆಲವು ಕಡೆ ಹಳಿಯ ಕೆಳಗೆ ದಾರಿಯಾಯಿತು. ಬೋರ್ಡು ಮಾಡಲಾಗದ್ದನ್ನು ತಡೆ ಮಾಡಿತು.

ಒಂದು ರಾತ್ರಿಯ ಪಾಠ

ದಾರಿ ತೋರುವುದು ಎಷ್ಟು ದೊಡ್ಡ ಹೊಣೆ ಎಂಬುದನ್ನು ಗಂಡಸಿ ಇರುವ ಇದೇ ಅರಸೀಕೆರೆ ತಾಲ್ಲೂಕು 2022ರಲ್ಲಿ ಕಂಡಿತು. ಆ ವರ್ಷದ ಅಕ್ಟೋಬರ್ 15ರ ರಾತ್ರಿ ಬಾಣಾವರ ಸಮೀಪದ ಗಾಂಧಿನಗರದ ಬಳಿ ಹೆದ್ದಾರಿಯಲ್ಲಿ ಟೆಂಪೊ ಟ್ರಾವೆಲರ್, ಸಾರಿಗೆ ಬಸ್ಸು ಮತ್ತು ಹಾಲಿನ ಟ್ಯಾಂಕರ್ ನಡುವೆ ಡಿಕ್ಕಿಯಾಯಿತು. ಧರ್ಮಸ್ಥಳಕ್ಕೆ ಹೋಗಿ, ಹಾಸನಾಂಬೆಯ ದರ್ಶನ ಮುಗಿಸಿ, ಇನ್ನೇನು ಮನೆ ಸೇರಲಿದ್ದ ಒಂಬತ್ತು ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಹೆದ್ದಾರಿ ಅಗಲಗೊಳಿಸುವ ಕಾಮಗಾರಿ ನಡೆದಿದ್ದ ರಸ್ತೆ ಅದು. ದಾರಿ ಬದಲಾವಣೆಯ ಸೂಚನೆ ಸರಿಯಾಗಿರಲಿಲ್ಲ ಎಂಬ ಮಾತು ಆ ದಿನಗಳಲ್ಲಿ ಕೇಳಿಬಂತು.

ಕಾಮಗಾರಿ ನಡೆಯುವ ರಸ್ತೆಯಲ್ಲಿ ಚಾಲಕನಿಗೆ ಹಳೆಯ ನೆನಪು ಕೆಲಸಕ್ಕೆ ಬರುವುದಿಲ್ಲ. ನಿನ್ನೆ ಇದ್ದ ದಾರಿ ಇಂದು ಇರುವುದಿಲ್ಲ. ನಿನ್ನೆಯವರೆಗೆ ತನ್ನದಾಗಿದ್ದ ಪಕ್ಕ ಇಂದು ಎದುರು ವಾಹನದ್ದಾಗಿರುತ್ತದೆ. ಅಂಥ ಕಡೆ ರಾತ್ರಿ ಹೊಳೆಯುವ ಬಾಣದ ಗುರುತು, ಸಾಲಾಗಿ ಇಟ್ಟ ಡ್ರಮ್ಮು, ಮಿನುಗುವ ದೀಪ ಇವೇ ರಸ್ತೆ. ಅವು ಇಲ್ಲವೆಂದರೆ ರಸ್ತೆಯೇ ಇಲ್ಲವೆಂದು ತಿಳಿಯಬೇಕು.

ಕಾನೂನು ಕೂಡ ಈ ಮಾತನ್ನು ಒಪ್ಪಿಕೊಂಡಿದ್ದು ತಡವಾಗಿ. 1914, 1939 ಮತ್ತು 1988ರ ಮೋಟಾರು ವಾಹನ ಕಾಯಿದೆಗಳ ಗಮನವೆಲ್ಲ ಹೆಚ್ಚಾಗಿ ವಾಹನ ಮತ್ತು ಚಾಲಕನ ಮೇಲಿತ್ತು. 2019ರ ತಿದ್ದುಪಡಿ 198ಎ ಎಂಬ ಹೊಸ ಕಲಮನ್ನು ಸೇರಿಸಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರ ಸಂಸ್ಥೆಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದಂಡದ ಮೊತ್ತ ದೊಡ್ಡದೇನಲ್ಲ. ಆದರೆ ತಪ್ಪು ಸ್ಟೀರಿಂಗ್ ಹಿಡಿದವನದು ಮಾತ್ರವಲ್ಲ, ದಾರಿ ಮಾಡಿದವರದೂ ಇರಬಹುದು ಎಂಬ ತತ್ವ ಕಾಯಿದೆಯ ಪುಸ್ತಕ ಸೇರಿತು. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕದ ಪಾಲು ಅದರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು.

ಹಣೆಬರಹ ಅಲ್ಲ

ಯಾರಾದರೂ ಬಿದ್ದು ಸತ್ತರೆ, ಸುಟ್ಟು ಸತ್ತರೆ ನಮ್ಮಲ್ಲಿ ಮೊದಲು ಬರುವ ಮಾತು ‘ಗ್ರಹಚಾರ’, ‘ಆಯಸ್ಸು ಮುಗಿದಿತ್ತು’. ದುಃಖದಲ್ಲಿರುವವರಿಗೆ ಆ ಮಾತು ಸಮಾಧಾನ ಕೊಡಬಹುದು. ಆದರೆ ಅದೇ ಮಾತು ಮುಂದಿನ ಸಾವನ್ನು ತಡೆಯಲು ಅಡ್ಡಿಯಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಈ ನಂಬಿಕೆಯನ್ನು ಪ್ರಶ್ನಿಸಿದರು.

ಹ್ಯೂ ಡಿಹೇವನ್ ಎಂಬ ಅಮೆರಿಕನ್ ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನ ಹಾರಾಟ ಕಲಿಯುವಾಗ ಅಪಘಾತಕ್ಕೆ ಸಿಕ್ಕಿ ಬದುಕಿದವರು. ತಮಗೆ ಹೊಟ್ಟೆಯೊಳಗೆ ಪೆಟ್ಟಾದದ್ದು ಬಿದ್ದದ್ದರಿಂದಲ್ಲ, ಸೊಂಟದ ಪಟ್ಟಿಯ ಬಕಲ್ಲಿನಿಂದ ಎಂದು ಅವರಿಗೆ ಅನ್ನಿಸಿತು. ಮುಂದೆ ಅವರು 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ಪರಿಶೀಲಿಸಿ 1942ರಲ್ಲಿ ಪ್ರಬಂಧ ಪ್ರಕಟಿಸಿದರು. ಪೆಟ್ಟು ಒಂದೇ ಜಾಗಕ್ಕೆ ಬೀಳದೆ ಹರಡಿದರೆ, ಒಮ್ಮೆಗೇ ನಿಲ್ಲದೆ ಸ್ವಲ್ಪ ದೂರದಲ್ಲಿ ನಿಧಾನವಾಗಿ ನಿಂತರೆ ದೇಹ ಅಚ್ಚರಿಯಷ್ಟು ತಾಳಿಕೊಳ್ಳುತ್ತದೆ ಎಂಬುದು ಅದರ ಸಾರ. ಇಂದಿನ ಸೀಟ್‌ಬೆಲ್ಟು, ಹೆಲ್ಮೆಟ್ಟುಗಳು ಕೆಲಸ ಮಾಡುವುದು ಈ ಸೂತ್ರದ ಮೇಲೆಯೇ.

1960ರ ದಶಕದ ಹೊತ್ತಿಗೆ ವಿಲಿಯಂ ಹ್ಯಾಡನ್ ಎಂಬ ವೈದ್ಯರು ಇನ್ನೊಂದು ಲೆಕ್ಕ ಕೊಟ್ಟರು. ಪ್ರತಿ ಅಪಘಾತಕ್ಕೂ ಮೂರು ಘಟ್ಟ: ಮೊದಲು, ಆಗುವಾಗ, ಆದ ನಂತರ. ಪ್ರತಿ ಘಟ್ಟದಲ್ಲೂ ಮನುಷ್ಯ, ವಸ್ತು, ಪರಿಸರ ಎಂಬ ಮೂರು ಕಡೆ ಕೈಹಾಕಬಹುದು. ಒಂಬತ್ತು ಮನೆಯ ಈ ಚೌಕದಲ್ಲಿ ಎಲ್ಲಿ ಒಂದು ಕಡೆ ತಡೆ ಬಿದ್ದರೂ ಒಂದು ಜೀವ ಉಳಿಯಬಹುದು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆ ‘ಆಕ್ಸಿಡೆಂಟ್’ ಎಂಬ ಪದವನ್ನೇ ತನ್ನ ಪುಟಗಳಲ್ಲಿ ಬಳಸುವುದಿಲ್ಲವೆಂದು ಸಾರಿತು. ಹೆಚ್ಚಿನ ಗಾಯಗಳನ್ನು ಮೊದಲೇ ಊಹಿಸಬಹುದು, ತಡೆಯಬಹುದು ಎಂಬುದು ಅದರ ವಾದ. ಬೆಂಗಳೂರಿನ ನಿಮ್ಹಾನ್ಸ್ ಗಾಯ ತಡೆಗಟ್ಟುವಿಕೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವೆಂದು ಗುರುತಿಸಿಕೊಂಡಿದ್ದು ಇದೇ ವಿಚಾರಧಾರೆಯಲ್ಲಿ.

ಬಾವಿಯ ಕಟ್ಟೆಯಿಂದ ಕೊಳವೆಬಾವಿಯ ಮುಚ್ಚಳಕ್ಕೆ

ರಸ್ತೆಯಿಂದ ಮನೆಯಂಗಳಕ್ಕೆ ಬಂದರೆ ಇದೇ ವಿಚಾರವನ್ನು ಹಳಬರು ಕಲ್ಲಿನಲ್ಲಿ ಬರೆದಿರುವುದು ಕಾಣುತ್ತದೆ. ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ 12ನೆಯ ಶತಮಾನದ ಹೊಯ್ಸಳರ ಕೊಳವಿದೆ. ಪುಟ್ಟ ಪುಟ್ಟ ಗುಡಿಗಳನ್ನು ಹೊತ್ತ ಅದರ ಸೌಂದರ್ಯವನ್ನು ನೋಡಲು ಜನ ಹೋಗುತ್ತಾರೆ. ಅದರ ಉಪಯುಕ್ತತೆಯನ್ನೂ ನೋಡಬೇಕು. ನೀರಿನ ಮಟ್ಟ ಏರಲಿ, ಇಳಿಯಲಿ, ಕಾಲಿಡಲು ಒಂದು ಮೆಟ್ಟಿಲು, ನಿಲ್ಲಲು ಒಂದು ಹಂತ ಇದ್ದೇ ಇರುತ್ತದೆ. ಕಡಿದಾದ ದಡದಿಂದ ಬಗ್ಗಿ ಕೊಡ ಮುಳುಗಿಸುವ ಪ್ರಸಂಗವೇ ಬರುವುದಿಲ್ಲ.

ಮನೆಯ ಬಾವಿಗೆ ಸೊಂಟದೆತ್ತರದ ಕಟ್ಟೆ, ಮೇಲೆ ರಾಟೆ ಇರುವುದರ ಅರ್ಥವೂ ಇದೇ. ಕಟ್ಟೆ ಮಗುವನ್ನು ತಡೆಯುತ್ತದೆ. ರಾಟೆ ಇದ್ದರೆ ನೀರು ಸೇದುವವರು ಬಾವಿಯೊಳಕ್ಕೆ ಬಗ್ಗಬೇಕಿಲ್ಲ. ಹಿಂದಕ್ಕೆ ವಾಲಿ, ಕಾಲೂರಿ, ಹಗ್ಗ ಎಳೆಯಬಹುದು. ಹೊಲದ ಬಾವಿಗೆ ಮಾತ್ರ ಎಷ್ಟೋ ಕಡೆ ಈ ಭಾಗ್ಯ ಬರಲಿಲ್ಲ. ನೆಲಮಟ್ಟದಲ್ಲೇ ಬಾಯಿ ತೆರೆದ ಅಂಥ ಬಾವಿಗಳು ಪೊದೆ ಬೆಳೆದು ಮುಚ್ಚಿಕೊಂಡಾಗ ಇನ್ನೂ ಅಪಾಯಕಾರಿ.

ಅರಸೀಕೆರೆ ಮಳೆ ಕಡಿಮೆಯ, ಬರಕ್ಕೆ ಹೆಸರಾದ ತಾಲ್ಲೂಕು. ತೆಂಗು ಉಳಿಸಿಕೊಳ್ಳಲು ರೈತರು ನೆಲದಾಳಕ್ಕೆ ಇಳಿಯಬೇಕಾಯಿತು. ತೆರೆದ ಬಾವಿಯ ಕಾಲ ಮುಗಿದು ಕೊಳವೆಬಾವಿಯ ಕಾಲ ಬಂದಾಗ ಕಟ್ಟೆ ಮಾತ್ರ ಹಿಂದೆ ಉಳಿಯಿತು. ಅಂಗೈಯಗಲದ ರಂಧ್ರದಿಂದ ಏನಾದೀತು ಎಂಬ ಉದಾಸೀನ ಎಷ್ಟು ದುಬಾರಿ ಎಂಬುದು ಗೊತ್ತಾದದ್ದು ಮಕ್ಕಳು ಬಿದ್ದಾಗ. 2006ರ ಜುಲೈನಲ್ಲಿ ಹರಿಯಾಣದ ಹಳ್ಳಿಯೊಂದರಲ್ಲಿ ಬಿದ್ದ ಬಾಲಕನನ್ನು ಸುಮಾರು 50 ಗಂಟೆಗಳ ನಂತರ ಮೇಲೆತ್ತಿದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಬಾಲಕಿ ಬದುಕಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎಳೆಯ ಕಂದನನ್ನು ಸುಮಾರು 20 ಗಂಟೆಗಳ ಹೋರಾಟದ ನಂತರ ಜೀವಂತ ಹೊರತೆಗೆದರು.

ಸುಪ್ರೀಂ ಕೋರ್ಟ್ 2010ರಲ್ಲೇ ಈ ಕುರಿತು ಸ್ಪಷ್ಟ ನಿಯಮಗಳನ್ನು ಕೊಟ್ಟಿದೆ. ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಕೊರೆಯುವ ಜಾಗದ ಸುತ್ತ ಮುಳ್ಳುತಂತಿಯ ಬೇಲಿ ಅಥವಾ ತಡೆ ಇರಬೇಕು. ಮಾಲೀಕರ ಮತ್ತು ಕೊರೆಯುವ ಸಂಸ್ಥೆಯ ವಿಳಾಸವಿರುವ ಫಲಕ ಇರಬೇಕು. ಕೇಸಿಂಗ್ ಪೈಪಿನ ಸುತ್ತ ನೆಲದ ಮೇಲೆ 30 ಸೆಂಟಿಮೀಟರ್, ನೆಲದ ಕೆಳಗೆ 30 ಸೆಂಟಿಮೀಟರ್ ಇರುವಂತೆ ಸಿಮೆಂಟ್ ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು, ಇಲ್ಲವೆ ಬೋಲ್ಟು ನಟ್ಟಿನ ಗಟ್ಟಿ ಮುಚ್ಚಳ ಹಾಕಬೇಕು. ನೀರು ಬರದ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಗೋಣಿಚೀಲ ಹಾಸಿ ಮೇಲೊಂದು ಕಲ್ಲಿಡುವುದು ಮುಚ್ಚಳವಲ್ಲ. ಅದು ಬಲೆ. ಮಗುವಿಗೆ ಅಪಾಯವೇ ಕಾಣದಂತೆ ಅದು ಮಾಡುತ್ತದೆ.

ತೋಟ ಮತ್ತು ಅಡುಗೆಮನೆ

ತಿಪಟೂರು, ಅರಸೀಕೆರೆ ಸೀಮೆಯ ಬದುಕು ನಿಂತಿರುವುದು ತೆಂಗಿನ ಮೇಲೆ. ಇಲ್ಲಿಯ ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಮರ, ಅಟ್ಟ, ಏಣಿ, ಮಚ್ಚು, ಸುಲಿಯುವ ಚೂಪು ಸಲಾಕೆ ಎಲ್ಲವೂ ಈ ಕಸುಬಿನ ಸಂಗಾತಿಗಳು. ಎಲ್ಲದರಲ್ಲೂ ಪೆಟ್ಟಿನ ಸಾಧ್ಯತೆ ಇದೆ.

ಮರ ಹತ್ತದೆ ನೆಲದಲ್ಲೇ ನಿಂತು ಉದ್ದನೆಯ ಗಳದ ತುದಿಗೆ ಕತ್ತಿ ಕಟ್ಟಿ ಕಾಯಿ ಕೀಳುವ ರೂಢಿ ಈ ಭಾಗದಲ್ಲಿದೆ. ಬೀಳುವ ಅಪಾಯವನ್ನೇ ಇಲ್ಲವಾಗಿಸುವ ಜಾಣತನ ಅದು. ಆದರೆ ಬಿದಿರಿನ ಗಳದ ಜಾಗಕ್ಕೆ ಲೋಹದ ಗಳ ಬಂದರೆ, ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿ ಹೊಸ ಯಮನಾಗುತ್ತದೆ. ಒಂದು ಅಪಾಯ ತಪ್ಪಿಸಲು ಬಂದ ವಸ್ತು ಇನ್ನೊಂದನ್ನು ತರಬಹುದು ಎಂಬುದಕ್ಕೆ ಇದು ಉದಾಹರಣೆ. ಗಳ ಎತ್ತುವ ಮೊದಲು ತಲೆಯೆತ್ತಿ ತಂತಿ ನೋಡುವುದು, ತಂತಿಯ ಪಕ್ಕದ ಮರದ ಕಾಯಿ ಕೀಳಲು ವಿದ್ಯುತ್ ಕಂಪನಿಗೆ ಹೇಳಿ ಲೈನ್ ತೆಗೆಸುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಮರ ಹತ್ತಲೇಬೇಕಾದವರಿಗೆ ಕೇರಳದ ಚೆಂಬೇರಿಯಲ್ಲಿ ರೂಪುಗೊಂಡ, ಕಾಲಿನಿಂದ ತುಳಿದು ಏರುವ ಸಾಧನ ದಕ್ಷಿಣ ಭಾರತದಲ್ಲೆಲ್ಲ ಪರಿಚಿತ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ತರಬೇತಿ ಆರಂಭಿಸಿದಾಗ ಇಂಥ ಸಾಧನ ಬಳಸುವುದನ್ನೇ ಕಲಿಸಿತು. ಅಟ್ಟದ ಏಣಿಗೂ ಒಂದು ಸರಳ ಲೆಕ್ಕವಿದೆ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಏಣಿಯ ಬುಡ ಗೋಡೆಯಿಂದ ದೂರವಿರಬೇಕು. ಹತ್ತಿರವಿದ್ದರೆ ಏಣಿ ಹಿಂದಕ್ಕೆ ಮಗುಚುತ್ತದೆ, ದೂರವಿದ್ದರೆ ಬುಡ ಜಾರುತ್ತದೆ.

ಅಡುಗೆಮನೆಯಲ್ಲಿ ಶತಮಾನಗಳ ಕಾಲ ಒಲೆ ನೆಲದ ಮೇಲಿತ್ತು. ತೆವಳುವ ಮಗುವಿಗೂ, ಸೆರಗಿಗೂ ಬೆಂಕಿ ಸಮೀಪವೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕ್ಷೇತ್ರ ಕೇಂದ್ರವನ್ನಿಟ್ಟುಕೊಂಡು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ಕೆಲಸ ಮಾಡಿತು. 1980ರ ದಶಕದಲ್ಲಿ ಮನೆಮಾತಾದ ‘ಅಸ್ತ್ರ ಒಲೆ’ಯ ಉದ್ದೇಶ ಸೌದೆ ಉಳಿಸುವುದು, ಹೊಗೆ ತಪ್ಪಿಸುವುದು. ಆದರೆ ಉರಿಯನ್ನು ಒಳಗೇ ಮುಚ್ಚಿ, ಪಾತ್ರೆಯನ್ನು ಗುಣಿಯಲ್ಲಿ ಭದ್ರವಾಗಿ ಕೂರಿಸಿದ್ದು ಅದರ ಕೇಳದೆ ಬಂದ ಲಾಭ. ಗ್ಯಾಸ್ ಬಂದ ಮೇಲೆ ಬೆಂಕಿ ಕಟ್ಟೆಯೇರಿತು. ಬಿಸಿಸಾರಿನ ಪಾತ್ರೆ, ಸ್ನಾನದ ಹಂಡೆ ಮಾತ್ರ ಎಷ್ಟೋ ಮನೆಗಳಲ್ಲಿ ಮಗುವಿನ ಕೈಗೆಟುಕುವ ಎತ್ತರದಲ್ಲೇ ಉಳಿದವು. ಸುಟ್ಟಾಗ ಶಾಯಿ, ಟೂತ್‌ಪೇಸ್ಟು ಬಳಿಯುವ ರೂಢಿಯೂ ಉಳಿಯಿತು. ವೈದ್ಯರು ಹೇಳುವುದು ಒಂದೇ: ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆಗುವಾಗ, ಆದ ಮೇಲೆ

ಎಷ್ಟು ತಡೆದರೂ ಕೆಲವು ಪೆಟ್ಟು ಬಿದ್ದೇ ಬೀಳುತ್ತವೆ. ಹ್ಯಾಡನ್ನರ ಉಳಿದೆರಡು ಘಟ್ಟಗಳಿಗೆ ಅರ್ಥ ಬರುವುದು ಇಲ್ಲಿ. 1935ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಸತ್ತರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಅಲ್ಲಿಗೇ ಸುಮ್ಮನಾಗದೆ ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು 1941ರಲ್ಲಿ ತೋರಿಸಿದರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಗಾಯದ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲು ತಾನೇ ಹಾರಿಹೋಗುತ್ತದೆ. ಹ್ಯಾಂಡಲ್ಲಿಗೆ ತೂಗಿದ ಹೆಲ್ಮೆಟ್ ಉಳಿಸುವುದು ದಂಡವನ್ನು ಮಾತ್ರ.

2016ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ ನಂಜಪ್ಪ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದರು. ದೇಹ ಎರಡಾದ ಸ್ಥಿತಿಯಲ್ಲೂ ‘ನನ್ನ ಅಂಗಗಳನ್ನು ದಾನ ಮಾಡಿ’ ಎಂದು ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಅದೇ ವರ್ಷ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಆರಂಭಿಸಿತು. ಅಪಘಾತವಾದ ಮೊದಲ 48 ಗಂಟೆಗಳಲ್ಲಿ ಗಾಯಾಳುವಿಗೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶವಾಗಿತ್ತು. ಗಾಯಾಳುವಿಗೆ ನೆರವಾದವರನ್ನು ಪೊಲೀಸು, ಕೋರ್ಟಿನ ತೊಂದರೆಯಿಂದ ರಕ್ಷಿಸುವ ಕಾಯಿದೆಯನ್ನೂ ಕರ್ನಾಟಕ 2016ರಲ್ಲಿ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಯ ಅಂಕಿತ ಬಿತ್ತು. 2008ರ ನವೆಂಬರ್ 1ರಂದು ಶುರುವಾದ 108 ಆಂಬುಲೆನ್ಸ್ ಸೇವೆಗೂ ಈ ಕಾಯಿದೆಗೂ ನಂಟಿದೆ. ಆಂಬುಲೆನ್ಸ್ ಬರಬೇಕಾದರೆ ಮೊದಲು ಯಾರಾದರೊಬ್ಬರು ಹೆದರದೆ ಫೋನು ಮಾಡಬೇಕು.

ಗೋಡೆಬರಹ ಮತ್ತು ಕಟ್ಟೆ

‘ಅವಸರವೇ ಅಪಘಾತಕ್ಕೆ ಕಾರಣ’, ‘ಅತಿ ವೇಗ ತಿಥಿ ಬೇಗ’ ಎಂಬ ಬರಹಗಳು ಕನ್ನಡ ನಾಡಿನ ರಸ್ತೆಗಳಿಗೆ ಹೊಸವಲ್ಲ. ಪ್ರಾಸ ಚೆನ್ನಾಗಿದೆ, ಮಾತು ನಿಜವೂ ಹೌದು. ಆದರೆ ದಣಿದ ಚಾಲಕ, ಆಡುವ ಮಗು, ಅವಸರದ ಗೃಹಿಣಿ ಎಲ್ಲ ಹೊತ್ತಿನಲ್ಲೂ ಎಚ್ಚರವಾಗಿರಲಾರರು. ಮನುಷ್ಯ ಮರೆಯುತ್ತಾನೆ ಎಂಬುದನ್ನು ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆಯೇ ಗಟ್ಟಿ. ಬಾವಿಯ ಕಟ್ಟೆ ಕಟ್ಟಿಸಿದವರು, ಹೊರೆ ಇಳಿಸುವ ಕಲ್ಲು ನೆಡಿಸಿದವರು ಇದನ್ನು ಬಲ್ಲವರಾಗಿದ್ದರು.

ಹೊಯ್ಸಳರ ಈ ನಾಡಿನಲ್ಲಿ ಸಳ ಹುಲಿಯನ್ನು ಇರಿದ ಐತಿಹ್ಯ ಎಲ್ಲರಿಗೂ ಗೊತ್ತು. ತುರು ಕಾಯಲು ಹೋಗಿ ಮಡಿದವರಿಗೆ ಊರೂರಿನಲ್ಲಿ ವೀರಗಲ್ಲುಗಳಿವೆ. ಎದುರಿಗೆ ಬಂದ ಹುಲಿಗೆ ವೀರನೇ ಬೇಕು. ತೆರೆದ ಕೊಳವೆಬಾವಿಗೆ ಬೇಕಾದದ್ದು ವೀರನಲ್ಲ, ಮುಚ್ಚಳ. ಕಾಮಗಾರಿಯ ರಸ್ತೆಗೆ ಬೇಕಾದದ್ದು ಹೊಳೆಯುವ ಒಂದು ಬಾಣ. ಮುಚ್ಚಳ ಹಾಕಿದವನಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಬೀಳದೆ ಉಳಿದ ಮಗುವಿಗೆ ತಾನು ಉಳಿದೆನೆಂಬುದೂ ತಿಳಿಯುವುದಿಲ್ಲ.

ಆದ್ದರಿಂದಲೇ ಈ ಕೆಲಸ ಹಿಂದೆ ಬೀಳುತ್ತದೆ. ಪಂಚಾಯಿತಿಯ ಸಭೆಯಲ್ಲಿ ಚರಂಡಿ, ದೀಪಗಳ ಚರ್ಚೆಯ ನಡುವೆ ‘ನಮ್ಮೂರಿನಲ್ಲಿ ಬತ್ತಿದ ಕೊಳವೆಬಾವಿ ಎಷ್ಟು, ಮುಚ್ಚಿದ್ದು ಎಷ್ಟು, ಕಟ್ಟೆಯಿಲ್ಲದ ಬಾವಿ ಎಲ್ಲೆಲ್ಲಿದೆ, ಶಾಲೆಯ ಮುಂದೆ ಫಲಕ ಇದೆಯೇ’ ಎಂದು ಒಬ್ಬರಾದರೂ ಎದ್ದು ಕೇಳಿದರೆ ಕೆಲಸ ಶುರುವಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮದೇ. ಕವಲಿನಲ್ಲಿ ಕಂಬ ನೆಟ್ಟವರು, ದಾರಿ ತಪ್ಪಿದವರು ಬಂದು ದೂರು ಕೊಡಲಿ ಎಂದು ಕಾಯುತ್ತ ಕೂರಲಿಲ್ಲ.